ರೇಖೆ, ಲಯ, ವರ್ಣ: ಹೆಬ್ಬಾರರ ಅಭ್ಯಾಸವನ್ನು ಕುರಿತ ವಿವೇಚನೆ

ಜೋಯಿಡಾ ತಾಲ್ಲೂಕಿನ ಕುಂಬಾರವಾಡದಲ್ಲಿ ಕುಣಬಿ ಸ್ತ್ರೀಯರು ಫುಗಡಿ ಆಡುತ್ತಿದ್ದಾಗ, ಚಿತ್ರಕಲೆಯ ವಿದ್ಯಾರ್ಥಿಯೊಬ್ಬನು ಅದನ್ನು ಹಾಳೆಗಿಳಿಸಲು ಯತ್ನಿಸುತ್ತಿದ್ದುದನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಇಬ್ಬರು ಕೈಕೈ ಹಿಡಿದು, ಹಿಂದಕ್ಕೆ ಬಾಗಿ ಗಿರಗಿರನೆ ಸುತ್ತುವ ಆಟವದು. ಒಬ್ಬರ ಭಾರವೇ ಇನ್ನೊಬ್ಬರಿಗೆ ಆಧಾರ. ಹಾಳೆಯಲ್ಲಿ ಸೀರೆಯ ನೆರಿಗೆ, ಮುಡಿ, ಮಣಿಸರ ಎಲ್ಲವೂ ಅಚ್ಚುಕಟ್ಟಾಗಿ ಮೂಡಿದ್ದವು. ಸುತ್ತುವಿಕೆಯೊಂದು ಮಾತ್ರ ಇರಲಿಲ್ಲ. ನಿಂತವರ ಚಿತ್ರಕ್ಕೂ ಅದಕ್ಕೂ ಭೇದವೇ ಇಲ್ಲವೆನ್ನುವಂತಿತ್ತು.

ಚಲನೆಯನ್ನು ಚಲಿಸದ ಹಾಳೆಯ ಮೇಲೆ ತರುವುದೆಂತು ಎಂಬ ಈ ಪ್ರಶ್ನೆಯನ್ನು ನಮ್ಮ ನಾಡಿನವರಲ್ಲಿ ಅತ್ಯಂತ ಶ್ರದ್ಧೆಯಿಂದ ಎದುರಿಸಿದವರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996). ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಕೆಲವು ಕಾಲ ಅಲ್ಲಿಯೇ ಅಧ್ಯಾಪಕರಾದರು. ಪಂಡಿತ ಸುಂದರಪ್ರಸಾದರಲ್ಲಿ ಸುಮಾರು ಎರಡು ವರ್ಷ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ರಂಗವೇರುವುದು ಅವರ ಉದ್ದೇಶವಾಗಿರಲಿಲ್ಲ. ಲಯವೆಂದರೇನೆಂಬುದನ್ನು ಮೈಯಿಂದಲೇ ತಿಳಿಯಬೇಕೆಂಬ ಹಂಬಲವದು.

ಹೆಬ್ಬಾರರು ನೃತ್ಯ ಕಲಿತರು, ಆದುದರಿಂದ ಅವರ ರೇಖೆ ನರ್ತಿಸಿತು ಎಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಈ ಸುಲಭವಾದ ಕಾರ್ಯಕಾರಣ ಸಂಬಂಧವನ್ನು ನಾನು ಒಪ್ಪಲಾರೆ. ನರ್ತಕಿಯನ್ನು ಬರೆದ ಮಾತ್ರಕ್ಕೆ ರೇಖೆಗೆ ಲಯ ಬರುವುದಾದರೆ, ಕುಂಬಾರವಾಡದ ಆ ಹಾಳೆಗೂ ಬರಬೇಕಾಗಿತ್ತು. ನೃತ್ಯವು ಹೆಬ್ಬಾರರಿಗೆ ಕೊಟ್ಟುದು ವಸ್ತುವನ್ನಲ್ಲ, ಕಾಲದ ಅರಿವನ್ನು. ಕಥಕ್ಕಿನಲ್ಲಿ ಹದಿನಾರು ಮಾತ್ರೆಗಳ ತೀನ್ ತಾಲ ಸುತ್ತಿ ಸುತ್ತಿ ಸಮಕ್ಕೆ ಬರುತ್ತದೆ. ಮೂರು ಬಾರಿ ಮರಳುವ ತಿಹಾಯಿಯ ಕೊನೆಯ ಪೆಟ್ಟು ಆ ಸಮದ ಮೇಲೆಯೇ ಬೀಳಬೇಕು. ತುಸು ಮುಂಚೆ ಬಿದ್ದರೂ ತಪ್ಪು, ತುಸು ತಡವಾದರೂ ತಪ್ಪು. ಹೆಬ್ಬಾರರ ಲೇಖನಿಯ ಚಿತ್ರಗಳಲ್ಲಿ ಹೆಗಲಿನಿಂದ ಹೊರಟ ಗೆರೆ ಸೊಂಟದಲ್ಲಿ ತಿರುಗಿ ಹಿಮ್ಮಡಿಯಲ್ಲಿ ನಿಲ್ಲುವಾಗ, ಇಂಥದೇ ಒಂದು ಸಮವನ್ನು ಅದು ಮುಟ್ಟುತ್ತದೆ. ಗೆರೆಯ ಓಟವನ್ನು ಮೆಚ್ಚುವವರು ಬಹಳ. ಅದು ನಿಲ್ಲುವ ಎಡೆಯನ್ನು ಗಮನಿಸಿದವರು ವಿರಳ.

ಇಲ್ಲಿ ಪಾಶ್ಚಾತ್ಯರ ಒಂದು ಪ್ರಯೋಗವನ್ನು ಹೋಲಿಸಿ ನೋಡಬಹುದು. 1926ರಲ್ಲಿ ಕಾಂಡಿನ್‌ಸ್ಕಿಯು ಪಲುಕ್ಕಾ ಎಂಬ ಜರ್ಮನ್ ನರ್ತಕಿಯ ಭಂಗಿಗಳನ್ನು ಕೆಲವೇ ಕಮಾನುಗಳಿಗೂ ಸರಳರೇಖೆಗಳಿಗೂ ಇಳಿಸಿದನು. ಬುದ್ಧಿಗೆ ಬಹು ಹಿತವಾದ ವಿಶ್ಲೇಷಣೆ. ಆದರೆ ಅವನ ಮುಂದಿದ್ದುದು ಛಾಯಾಚಿತ್ರ, ಎಂದರೆ ಕಾಲದಿಂದ ಕಡಿದು ತೆಗೆದ ಒಂದು ಕ್ಷಣ. ಹೆಬ್ಬಾರರದು ತದ್ವಿರುದ್ಧವಾದ ಮಾರ್ಗ. ಅಲ್ಲಿ ಅಳತೆಗೋಲು ಬರೆಯುವವನ ಮೈಯೇ ಆಗಿದೆ.

ಇನ್ನೊಂದು ಸಂಗತಿಯನ್ನು ವಿಮರ್ಶಕರು ಸಾಮಾನ್ಯವಾಗಿ ಮರೆಯುತ್ತಾರೆ. 1949–50ರಲ್ಲಿ ಹೆಬ್ಬಾರರು ಪ್ಯಾರಿಸಿಗೆ ಹೋದಾಗ, ಜೂಲಿಯನ್ ಅಕಾಡೆಮಿಯಲ್ಲಿ ವರ್ಣಚಿತ್ರವನ್ನಲ್ಲದೆ ಎಸ್ತಿಯೆನ್ ಶಾಲೆಯಲ್ಲಿ ಲೋಹದ ಮೇಲೆ ಕೊರೆಯುವ ಕಲೆಯನ್ನೂ ಅಭ್ಯಾಸ ಮಾಡಿದರು. ತಾಮ್ರದ ತಗಡಿನಲ್ಲಿ ಕೊರೆದ ಗೆರೆಯನ್ನು ಸುಲಭವಾಗಿ ಅಳಿಸಲಾಗದು. ಕೈ ಅನುಮಾನಿಸಿದರೆ ತಗಡೇ ಅದನ್ನು ಬಯಲಿಗಿಡುತ್ತದೆ. ಇವರ ರೇಖೆಯ ಮಿತವ್ಯಯಕ್ಕೆ ಕಥಕ್ ಎಷ್ಟು ಕಾರಣವೋ ಈ ಉಳಿಯೂ ಅಷ್ಟೇ ಕಾರಣವಾಗಿದ್ದೀತೆಂದು ನನ್ನ ಊಹೆ.

ವರ್ಣದ ವಿಷಯದಲ್ಲಿ ನನ್ನ ಮೆಚ್ಚುಗೆ ಇಷ್ಟು ನಿಶ್ಶಂಕವಾದುದಲ್ಲ. 1940ರ ದಶಕದಲ್ಲಿ ಅಮೃತಾ ಶೇರ್‌ಗಿಲ್ಲರ ಕೃತಿಗಳಿಂದಲೂ ಜೈನ, ರಾಜಪೂತ ಕಿರುಚಿತ್ರಗಳಿಂದಲೂ ಪ್ರೇರಿತರಾಗಿ ಬರೆದ ಚಿತ್ರಗಳಲ್ಲಿ ಗೆರೆಯು ಬಣ್ಣದ ಹರಹಿಗೆ ಬೇಲಿಯಂತೆ ನಿಂತು ಅದನ್ನು ಕಾಯುತ್ತಿತ್ತು. ಪ್ಯಾರಿಸಿನ ಅನಂತರದ ತೈಲಚಿತ್ರಗಳಲ್ಲಿ ಬಣ್ಣವು ದಪ್ಪನಾಗಿ, ಮೇಲ್ಮೈಯು ಒರಟಾಗಿ, ತಾನೇ ಪ್ರಧಾನವಾಯಿತು. ಆಗ ರೇಖೆಯು ಬಹುಮಟ್ಟಿಗೆ ಮಸಿ ಲೇಖನಿಯ ಚಿತ್ರಗಳಿಗೆ ಸರಿದು, ಅಲ್ಲಿ ತನ್ನದೇ ಸಂಸಾರ ಹೂಡಿತು. 1960ರ ದಶಕದಲ್ಲಿ ‘ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ರೇಖಾಚಿತ್ರಗಳು ಪ್ರತ್ಯೇಕ ಸಂಪುಟವಾಗಿಯೇ ಬಂದುದು ಈ ಮನೆಪಾಲಿಗೆ ಸಾಕ್ಷಿಯೆನ್ನಬಹುದು. ಕೋಳಿ ಅಂಕದಂಥ ವಸ್ತುವಿನಲ್ಲಿ ಕುಂಚದ ಒಂದೊಂದು ಬೀಸೂ ಗೆರೆಯಾಗಿಯೂ ಬಣ್ಣವಾಗಿಯೂ ಏಕಕಾಲಕ್ಕೆ ದುಡಿಯುತ್ತದೆ, ನಿಜ. ಅಂಥ ಸಮಾಗಮಗಳು ಇನ್ನಷ್ಟು ಇದ್ದಿದ್ದರೆ ಎಂಬ ಕೊರತೆ ನನ್ನಲ್ಲಿ ಉಳಿದಿದೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ಕೊಟ್ಟ ಕೃತಿಗಳ ಮುಂದೆ ನಿಂತವರು ಇದನ್ನು ತಾವೇ ಪರೀಕ್ಷಿಸಬಹುದು.

ಕುಂಬಾರವಾಡದ ಆ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಹೇಳುವ ಗೊಡವೆಗೆ ನಾನು ಹೋಗಲಿಲ್ಲ. ಹಾಳೆಯನ್ನು ಬದಿಗಿಟ್ಟು, ಗೆಳೆಯನೊಬ್ಬನ ಕೈ ಹಿಡಿದು ನಾಲ್ಕು ಸುತ್ತು ಸುತ್ತಿ ಬರಬೇಕೆಂದು ಮಾತ್ರ ಸೂಚಿಸಿದೆನು. ಅವನು ನಕ್ಕನು. ಸಂಜೆ ತಂದು ತೋರಿಸಿದ ಹಾಳೆಯಲ್ಲಿ ಮಣಿಸರವಿರಲಿಲ್ಲ, ಮುಡಿಯೂ ಇರಲಿಲ್ಲ. ಬಾಗಿದ ಎರಡು ಬೆನ್ನುಗಳೂ ನಡುವೆ ಬಿಗಿದ ತೋಳುಗಳ ಒಂದೇ ಗೆರೆಯೂ ಇದ್ದವು. ಬಣ್ಣವನ್ನು ಎಲ್ಲಿಡಬೇಕೆಂಬುದನ್ನು ಅವನು ಇನ್ನೂ ನಿಶ್ಚಯಿಸಿರಲಿಲ್ಲ.