ಹಾಡು ಯಾರದು, ತೋಟ ಯಾರದು?

ಹಾಲಿವುಡ್ಡಿನ ದ್ವೀಪದ ಪ್ರೇಮಚಿತ್ರಗಳಲ್ಲಿ ಎಲ್ಲರೂ ಹಾಡುತ್ತಾರೆ, ಕುಣಿಯುತ್ತಾರೆ. ದುಡಿಯುವವರು ಮಾತ್ರ ಕಾಣುವುದಿಲ್ಲ. ಹಾಗಾದರೆ ಆ ದ್ವೀಪದ ಹಣ್ಣು ಕಿತ್ತವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ಹವಾಯಿಯ ಎರಡು ಚಿತ್ರ ನೋಡೋಣ.

1937ರ ‘ವೈಕೀಕಿ ವೆಡ್ಡಿಂಗ್’ನಲ್ಲಿ ಬಿಂಗ್ ಕ್ರಾಸ್ಬಿ ಅನಾನಸ್ ಕಂಪನಿಯ ಪ್ರಚಾರದವನು. ಕಂಪನಿಯ ಸ್ಪರ್ಧೆಯಲ್ಲಿ ಗೆದ್ದು ಬಂದ ಹುಡುಗಿಗೆ ದ್ವೀಪ ಬೇಸರವಾಗಿದೆ. ಅವಳಿಗೆ ಒಲವಿನ ಗುಂಗು ಹಿಡಿಸಿದರೆ ಹಣ್ಣಿಗೆ ಪ್ರಚಾರ. ಅಂದ್ರೆ ಪ್ರೀತಿಯೂ ಡಬ್ಬಿಯಲ್ಲಿ ತುಂಬಿ ಮಾರುವ ಸರಕು! ಇದನ್ನು ಚಿತ್ರವೇ ನಗುತ್ತಾ ತೋರಿಸುತ್ತದೆ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ.

1961ರ ‘ಬ್ಲೂ ಹವಾಯಿ’ ಇನ್ನೂ ಜಾಣ. ಎಲ್ವಿಸ್ ಪ್ರೆಸ್ಲಿ ಇಲ್ಲಿ ಅನಾನಸ್ ಸಿರಿವಂತರ ಮಗ. ಸೈನ್ಯದಿಂದ ಬಂದವನು ಅಪ್ಪನ ಕಂಪನಿ ಬೇಡವೆಂದು ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸ ಹಿಡಿಯುತ್ತಾನೆ. ಭಲೆ, ಬಂಡಾಯ! ಕೊನೆಗೆ ಆದದ್ದೇನು? ಅದೇ ಕಂಪನಿಯ ಮಾರಾಟಗಾರರನ್ನು ಸುತ್ತಾಡಿಸುವ ವ್ಯಾಪಾರ ಕುದುರಿಸಿ ಅಪ್ಪನನ್ನು ಒಲಿಸಿಕೊಳ್ಳುತ್ತಾನೆ. ತೋಟದಲ್ಲಿ ಬೆನ್ನು ಬಗ್ಗಿಸಿದವರ ಕೂಲಿ ಎಷ್ಟು ಅಂತ ಈ ಬಂಡಾಯಗಾರ ಒಮ್ಮೆಯೂ ಕೇಳಲ್ಲ. ಅವನದು ಉಂಡವರ ಮನೆಯೊಳಗಿನ ಜಗಳ.

ಇದೇ ಚಿತ್ರದಲ್ಲಿ ಎಲ್ವಿಸ್ ‘ಅಲೋಹಾ ಓಯ್’ ಹಾಡುತ್ತಾನೆ. 1878ರಲ್ಲಿ ಆ ಬೀಳ್ಕೊಡುಗೆಯ ಹಾಡು ಕಟ್ಟಿದವಳು ಲಿಲಿಯುಓಕಲಾನಿ. ಮುಂದೆ ಹವಾಯಿಯ ರಾಣಿಯಾದವಳು. 1893ರಲ್ಲಿ ಬಿಳಿ ವ್ಯಾಪಾರಿಗಳು, ಸಕ್ಕರೆ ತೋಟದ ಹಿತಾಸಕ್ತರು ಅಮೆರಿಕದ ನೌಕಾಸೈನಿಕರ ಬೆಂಬಲದಿಂದ ಅವಳನ್ನು ಪಟ್ಟದಿಂದ ಇಳಿಸಿದರು. 1895ರಲ್ಲಿ ಅವಳ ಅರಮನೆಯಲ್ಲೇ ಅವಳನ್ನು ಸೆರೆಯಿಟ್ಟರು. 1898ರಲ್ಲಿ ಅಮೆರಿಕ ನಾಡನ್ನೇ ನುಂಗಿತು. ರಾಣಿಯನ್ನು ಇಳಿಸಿ ಅಧ್ಯಕ್ಷನಾದವನು ಸ್ಯಾನ್‌ಫರ್ಡ್ ಡೋಲ್. 1901ರಲ್ಲಿ ಅಲ್ಲಿ ಅನಾನಸ್ ಕಂಪನಿ ಕಟ್ಟಿದ ಜೇಮ್ಸ್ ಡೋಲ್ ಅವನ ಬಂಧು. ಈಗ ನೋಡಿ: ರಾಣಿಯ ಹಾಡು ಅನಾನಸ್ ಮನೆಯ ಮಗನ ಬಾಯಲ್ಲಿ! ರಾಗ ಉಳಿಯಿತು, ಗಾಯ ಮರೆಯಾಯಿತು.

ಚಿತ್ರದ ಕೊನೆಯ ಮದುವೆಯ ದೋಣಿ ಸಾಗುವುದು ಕವಾಯಿ ದ್ವೀಪದ ನೀರಿನಲ್ಲಿ. ಅದೇ ದ್ವೀಪದ ಹನಪೇಪೆಯಲ್ಲಿ 1924ರಲ್ಲಿ ಸಕ್ಕರೆ ತೋಟದ ಫಿಲಿಪಿನೋ ಕೂಲಿಗಳ ಮುಷ್ಕರ ನಡೆದಿತ್ತು. ಕೇಳಿದ್ದು ದಿನಕ್ಕೆ 2 ಡಾಲರ್ ಕೂಲಿ, 8 ಗಂಟೆ ಕೆಲಸ. ಘರ್ಷಣೆಯಲ್ಲಿ 16 ಮುಷ್ಕರಗಾರರು, 4 ಪೊಲೀಸರು ಸತ್ತರು. ಪೊಲೀಸನೂ ಸಂಬಳದವನೇ, ತೋಟದ ಒಡೆಯ ಅಲ್ಲಿ ಸಾಯಲಿಲ್ಲ.

ಹಾಡು ಚೆಂದಿಲ್ಲ ಅಂತ ನಾನು ಹೇಳ್ತಿಲ್ಲ. ಎಲ್ವಿಸನ ಕೊರಳಿಗೆ ಕಿವಿ ಸೋಲುತ್ತೆ. ಸೋಲುವುದರಿಂದಲೇ ಎಚ್ಚರ ಬೇಕು. ಗೆಳೆಯರೇ, ತೆರೆಯ ಮೇಲೆ ಹೂವಿನ ಹಾರ ಕಂಡಾಗ ಅದನ್ನು ಕಟ್ಟಿದ ಕೈಯನ್ನೂ ಹುಡುಕಿ. ಆ ಕೈ ಕಾಣದ ಚಿತ್ರ ಎಷ್ಟೇ ಇಂಪಾಗಿ ಹಾಡಲಿ, ಅದು ಒಡೆಯನ ಹಾಡು.