ಐದು ನಿಮಿಷದ ಸರಾಸರಿ

ಒಂದು ಕಂಪನಿಯ ಇಂಟರ್ನೆಟ್ ಲೈನಿನ ವಾರದ ಗ್ರಾಫ್ ಮುಂದಿಟ್ಟರೆ ಸಾಕು. ಅಲ್ಲಿ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಊಟದ ಬಿಡುವು ಯಾವಾಗ, ರಾತ್ರಿ ಬ್ಯಾಕಪ್ ಎಷ್ಟಕ್ಕೆ ಓಡುತ್ತದೆ, ಶನಿವಾರ ಅರ್ಧ ದಿನವೋ ಪೂರ್ತಿ ರಜೆಯೋ ಎಂಬುದನ್ನೆಲ್ಲ ಆ ಕಚೇರಿಗೆ ಕಾಲಿಡದೆ ಹೇಳಬಹುದು. ಬೆಂಗಳೂರಿನ ಆಫೀಸಾದರೆ ಬೆಳಿಗ್ಗೆ ಒಂಬತ್ತೂವರೆಗೆ ಗೆರೆ ಏರತೊಡಗುತ್ತದೆ. ಮುಂಜಾನೆಯೇ ಮಳೆ ಹಿಡಿದ ದಿನ ಆ ಏರು ಹತ್ತೂವರೆಗೆ ಸರಿಯುತ್ತದೆ, ಮನೆಯಿಂದಲೇ ಕೆಲಸ ಶುರುಮಾಡಿದವರ ವಿಪಿಎನ್ ಗೆರೆ ಮಾತ್ರ ಹೊತ್ತಿಗೆ ಸರಿಯಾಗಿ ಮೇಲೇಳುತ್ತದೆ. ಒಂದೂವರೆಗೆ ಒಂದು ತಗ್ಗು. ನಾಲ್ಕು ಗಂಟೆಗೆ ದಿನದ ತುದಿ. ರಾತ್ರಿ ಒಂದರಿಂದ ಮೂರರವರೆಗೆ ಬ್ಯಾಕಪ್ ಓಡುವಾಗ ಗೆರೆ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಜಿಎಸ್‌ಟಿ ಕಟ್ಟುವ ಇಪ್ಪತ್ತನೇ ತಾರೀಖಿನಂದು ಅಕೌಂಟ್ಸ್ ವಿಭಾಗದ ಸರ್ವರಿಗೆ ಬೇರೆಯದೇ ಗತಿ.

ಈ ಗೆರೆಗಳನ್ನು ಓದುವುದು ನನಗೆ ಬಹಳ ಪ್ರಿಯವಾದ ಕೆಲಸ. ಮಾನಿಟರಿಂಗ್ ಸಾಫ್ಟ್‌ವೇರ್ ಕೊಳ್ಳಲು ಹೊರಟ ಕಂಪನಿಗಳು ಸಾಮಾನ್ಯವಾಗಿ ಅಲರ್ಟಿನ ಬಗ್ಗೆಯೇ ಕೇಳುತ್ತವೆ: ವಾಟ್ಸ್ಆ್ಯಪ್‌ಗೆ ಬರುತ್ತದೆಯೇ, ಎಷ್ಟು ಬೇಗ ಬರುತ್ತದೆ, ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಕಾಣುತ್ತದೆಯೇ ಎಂದು. ಅವರಿಗೆ ನಾನು ಹೇಳುವುದು ಒಂದೇ. ಮೊದಲು ನಿಮ್ಮ ಕಂಪನಿಯ ಸಾಧಾರಣ ದಿನ ಹೇಗಿರುತ್ತದೆ ಎಂದು ಕಲಿಯಿರಿ. ಅದನ್ನು ಯಾವ ಸಾಫ್ಟ್‌ವೇರೂ ತಾನಾಗಿ ತಿಳಿದು ಬಂದಿರುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಕೆಟ್ಟ ದಿನದ ಗ್ರಾಫ್ ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಗೆರೆ ಹೇಗೆ ಹುಟ್ಟುತ್ತದೆ ಎಂಬುದರಿಂದಲೇ ಈ ಕಲಿಕೆ ಶುರುವಾಗಬೇಕು. ರೌಟರ್, ಸ್ವಿಚ್‌ಗಳು ತಮ್ಮ ಪ್ರತಿ ಪೋರ್ಟಿನಲ್ಲಿ ಎಷ್ಟು ಬೈಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಎಣಿಸುತ್ತಲೇ ಇರುತ್ತವೆ. ಮನೆಯ ಕರೆಂಟ್ ಮೀಟರಿನಂತೆ ಈ ಎಣಿಕೆ ಏರುತ್ತಲೇ ಹೋಗುತ್ತದೆ. 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ಸರಳ ಕ್ರಮದಲ್ಲಿ ಮಾನಿಟರಿಂಗ್ ಸಾಫ್ಟ್‌ವೇರ್ ಆಗಾಗ ಹೋಗಿ ಆ ಅಂಕಿಯನ್ನು ಕೇಳಿ ಬರುತ್ತದೆ. ಈಗಿನ ಅಂಕಿಯಿಂದ ಹಿಂದಿನದನ್ನು ಕಳೆದು, ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಕ್ಕಿತು. ಇಷ್ಟೇ ಲೆಕ್ಕ.

ಆ ವೇಗವನ್ನು ಗ್ರಾಫ್ ಮಾಡಿ ಎಲ್ಲರಿಗೂ ಕಾಣುವಂತೆ ಇಟ್ಟವರು ಟೋಬಿಯಾಸ್ ಓಟಿಕರ್. ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಲೈನ್. ಅದರ ಸ್ಥಿತಿ ಏನೆಂದು ಎಲ್ಲರಿಗೂ ತಿಳಿಯಬೇಕಿತ್ತು. ಪರ್ಲ್ ಭಾಷೆಯಲ್ಲಿ ಅವರು ಬರೆದುಕೊಂಡ ಸಣ್ಣ ಪ್ರೋಗ್ರಾಂ 1995ರಲ್ಲಿ ಎಂಆರ್‌ಟಿಜಿ ಎಂಬ ಹೆಸರಿನಲ್ಲಿ ಹೊರಬಂತು. ಒಳಬರುವುದಕ್ಕೆ ತುಂಬಿದ ಹಸಿರು, ಹೊರಹೋಗುವುದಕ್ಕೆ ನೀಲಿ ಗೆರೆ. ಇಪ್ಪತ್ತು ವರ್ಷ ಹಿಂದಿನ ಸರ್ವರ್ ರೂಮುಗಳನ್ನು ಕಂಡವರಿಗೆ ಆ ಹಸಿರು ಈಗಲೂ ನೆನಪಿರುತ್ತದೆ. ಎಂಆರ್‌ಟಿಜಿ ಐದು ನಿಮಿಷಕ್ಕೊಮ್ಮೆ ಕೇಳುತ್ತಿತ್ತು. ಆ ಐದು ನಿಮಿಷ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಇಲ್ಲಿಯೇ ಎಚ್ಚರ ಬೇಕು. 100 ಎಂಬಿಪಿಎಸ್ ಲೈನ್ ಮೂವತ್ತು ಸೆಕೆಂಡ್ ಪೂರ್ತಿ ತುಂಬಿ ಉಳಿದ ನಾಲ್ಕೂವರೆ ನಿಮಿಷ ಖಾಲಿ ಇತ್ತೆನ್ನಿ. ಗ್ರಾಫ್ ತೋರಿಸುವುದು ಹತ್ತು ಶೇಕಡಾ ಬಳಕೆ. ಆ ಮೂವತ್ತು ಸೆಕೆಂಡಿನಲ್ಲಿ ಮೀಟಿಂಗಿನಲ್ಲಿದ್ದವರ ಮಾತು ಕತ್ತರಿಸಿ ಹೋಗಿರುತ್ತದೆ, ಐಪಿ ಫೋನಿನಲ್ಲಿ ಗ್ರಾಹಕರು ಹಲೋ ಹಲೋ ಎನ್ನುತ್ತಿರುತ್ತಾರೆ. ದೂರು ಬಂದಾಗ ಐಟಿಯವರು ಗ್ರಾಫ್ ತೆಗೆದು ಲೈನ್ ಖಾಲಿಯಿದೆ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಇಂಥ ಕಡೆ ನೋಡಬೇಕಾದ್ದು ವೇಗದ ಗೆರೆಯನ್ನಲ್ಲ, ಅದೇ ಪೋರ್ಟಿನ ಡಿಸ್ಕಾರ್ಡ್ ಎಣಿಕೆಯನ್ನು. ಕಳಿಸಲು ಜಾಗವಿಲ್ಲದೆ ಸ್ವಿಚ್ ಬಿಸಾಡಿದ ಪ್ಯಾಕೆಟ್‌ಗಳ ಲೆಕ್ಕ ಅದು. ಸರಾಸರಿ ಏನನ್ನು ಮುಚ್ಚಿಟ್ಟರೂ ಡಿಸ್ಕಾರ್ಡ್ ಎಣಿಕೆ ಅದನ್ನು ಉಳಿಸಿಕೊಂಡಿರುತ್ತದೆ. ಪಕ್ಕದಲ್ಲೇ ಎರರ್ ಎಣಿಕೆಯೂ ಇರುತ್ತದೆ. ಅದು ದಿನವೂ ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ಕೇಬಲ್ಲೋ, ಕನೆಕ್ಟರೋ, ಫೈಬರಿನ ತುದಿಯ ಧೂಳೋ ಎಂದು ನೋಡಬೇಕು. ಹೆಚ್ಚಿನ ಕಚೇರಿಗಳಲ್ಲಿ ಈ ಎರಡು ಗ್ರಾಫ್‌ಗಳನ್ನು ಯಾರೂ ತೆರೆದೇ ನೋಡಿರುವುದಿಲ್ಲ. ನನ್ನ ಮಟ್ಟಿಗೆ ವೇಗದ ಗ್ರಾಫಿಗಿಂತ ಇವೇ ಬೆಲೆಬಾಳುವಂಥವು.

ಹಳೆಯ ದಿನಗಳ ಗ್ರಾಫ್ ಇನ್ನೂ ನಯವಾಗಿರುತ್ತದೆ. ಎಂಆರ್‌ಟಿಜಿಯ ವಾರದ ಚಿತ್ರ ಅರ್ಧ ಗಂಟೆಯ ಸರಾಸರಿ, ತಿಂಗಳದ್ದು ಎರಡು ಗಂಟೆಯದು, ವರ್ಷದ್ದು ಇಡೀ ದಿನದ್ದು. ಹೋದ ವರ್ಷ ಮಾರ್ಚ್ 31ರಂದು ಲೈನ್ ಎಷ್ಟು ತುಂಬಿತ್ತು ಎಂದು ವರ್ಷದ ಗ್ರಾಫಿನಲ್ಲಿ ಹುಡುಕಿದರೆ ಅಂದಿನ ತುದಿ ಅಲ್ಲಿ ಕರಗಿ ಹೋಗಿರುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಗರಿಷ್ಠವನ್ನೂ ಉಳಿಸಿಕೊಳ್ಳುವಂತೆ ಮೊದಲ ದಿನವೇ ಹೇಳಿಡಬೇಕು. ಕಳೆದುಹೋದ ಅಂಕಿಯನ್ನು ಆಮೇಲೆ ತರಿಸಲಾಗದು.

ಇನ್ನೊಂದು ಗುಟ್ಟನ್ನು ಇದನ್ನೇ ಕಸುಬಾಗಿಸಿಕೊಂಡವರು ಚೆನ್ನಾಗಿ ಬಲ್ಲರು. ಹಳೆಯ ಎಣಿಕೆ 32 ಬಿಟ್‌ನದು. ಅದು ಸುಮಾರು 429 ಕೋಟಿ ಬೈಟ್ ಮುಟ್ಟಿದೊಡನೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 10 ಎಂಬಿಪಿಎಸ್ ಲೈನ್ ತುಂಬಿ ಹರಿದರೂ ಹೀಗಾಗಲು ಒಂದು ಗಂಟೆಯ ಹತ್ತಿರ ಬೇಕು. ಒಂದು ಗಿಗಾಬಿಟ್ ಲೈನಿಗಾದರೆ 34 ಸೆಕೆಂಡ್ ಸಾಕು. ಐದು ನಿಮಿಷದ ನಡುವೆ ಎಣಿಕೆ ಎಷ್ಟು ಸಲ ಸುತ್ತಿ ಬಂದಿತೆಂದು ಸಾಫ್ಟ್‌ವೇರಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಗಿಗಾಬಿಟ್ ಲೈನಿನ ಗ್ರಾಫ್ ಎಂದೂ 115 ಎಂಬಿಪಿಎಸ್ ದಾಟದೆ, ಏನೋ ಒಂದು ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿದ್ದರೆ ಲೈನ್ ಖಾಲಿಯಿದೆ ಎಂದುಕೊಳ್ಳಬೇಡಿ. 64 ಬಿಟ್‌ನ ಎಣಿಕೆಗೆ ಬದಲಾಯಿಸಿಕೊಂಡರೆ ನಿಜವಾದ ಗೆರೆ ಕಾಣುತ್ತದೆ. ಈ ಸಣ್ಣ ತಿದ್ದುಪಡಿ ಆದಾಗ ಗ್ರಾಫ್ ಒಮ್ಮೆಲೇ ಅರ್ಥವಾಗತೊಡಗುವುದನ್ನು ನೋಡುವುದು ಈ ಕಸುಬಿನ ಶುದ್ಧ ಸಂತೋಷಗಳಲ್ಲಿ ಒಂದು.

ಪಿಂಗ್ ಬಗ್ಗೆ ಎರಡು ಮಾತು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಅದನ್ನು ಬರೆದರು. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಹೆಸರು ಬಂತು. ನಾಲ್ಕು ದಶಕ ಕಳೆದರೂ ಅದಕ್ಕಿಂತ ಉಪಯುಕ್ತವಾದ ಪುಟ್ಟ ಸಾಧನ ಇನ್ನೊಂದಿಲ್ಲ. ಆದರೆ ಅದು ಹೇಳುವುದು ಯಂತ್ರ ಉಸಿರಾಡುತ್ತಿದೆ ಎಂದಷ್ಟೇ. ಕಚೇರಿಗಳಲ್ಲಿ ದಿನವೂ ಕೇಳುವ ಮಾತಿದು:

“ಸರ್ವರ್ ಅಪ್ ಇದೆ ಮೇಡಂ, ಪಿಂಗ್ ಬರ್ತಾ ಇದೆ.”

“ಪಿಂಗ್ ಬಂದ್ರೆ ನನಗೇನಪ್ಪಾ? ಚಲನ್ ಓಪನ್ ಆಗ್ತಿಲ್ವಲ್ಲ. ಇವತ್ತು ಇಪ್ಪತ್ತನೇ ತಾರೀಖು.”

ಮೇಡಂ ಹೇಳಿದ್ದೇ ಸರಿಯಾದ ಅಳತೆ. ಅಕೌಂಟ್ಸ್‌ನವರು ಕೂರುವ ಜಾಗದಿಂದಲೇ, ಅವರು ಬಳಸುವ ಪುಟಕ್ಕೇ ಪ್ರತಿ ನಿಮಿಷ ಸಾಫ್ಟ್‌ವೇರ್ ಹೋಗಿ ಲಾಗಿನ್ ಆಗಿ ಎಷ್ಟು ಸೆಕೆಂಡಿನಲ್ಲಿ ಪುಟ ತೆರೆಯಿತು ಎಂದು ಬರೆದಿಡಬೇಕು. ಎರಡು ಸೆಕೆಂಡಿನಲ್ಲಿ ತೆರೆಯುವ ಪುಟ ಎಂಟು ಸೆಕೆಂಡಿಗೆ ಹೋದದ್ದು ಐಟಿಯವರಿಗೆ ಮೊದಲು ತಿಳಿಯಬೇಕು, ಮೇಡಂ ಫೋನ್ ಮಾಡುವ ಮುಂಚೆ.

ಅಲರ್ಟಿನ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಿನದು. ರಾತ್ರಿ ಎರಡು ಗಂಟೆಗೆ ಒಬ್ಬ ಮನುಷ್ಯನನ್ನು ನಿದ್ದೆಯಿಂದ ಎಬ್ಬಿಸುವ ಹಕ್ಕು ಇರುವುದು, ಅವನು ಎದ್ದು ಆಗಲೇ ಏನಾದರೂ ಮಾಡಬೇಕಾದ ಅಲರ್ಟಿಗೆ ಮಾತ್ರ. ಉಳಿದದ್ದೆಲ್ಲ ಬೆಳಗಿನ ವರದಿಗೆ ಹೋಗಲಿ. ಸಿಪಿಯು 90 ಶೇಕಡಾ ದಾಟಿತು ಎಂಬ ಅಲರ್ಟಿನಿಂದ ಯಾರಿಗೂ ಉಪಕಾರವಿಲ್ಲ. ಬ್ಯಾಕಪ್ ಓಡುವಾಗ ಅದು ದಾಟಲೇಬೇಕು. ಡಿಸ್ಕ್ ವಿಷಯವೂ ಹಾಗೆಯೇ. 2 ಟಿಬಿ ಡಿಸ್ಕ್ 90 ಶೇಕಡಾ ತುಂಬಿದೆ, ದಿನಕ್ಕೆ ಒಂದು ಜಿಬಿ ಬೆಳೆಯುತ್ತಿದೆ ಎಂದರೆ ಇನ್ನೂ ಆರು ತಿಂಗಳ ಮೇಲೆ ಸಮಯವಿದೆ. 100 ಜಿಬಿಯ ಡಿಸ್ಕ್ 60 ಶೇಕಡಾ ಮಾತ್ರ ತುಂಬಿದ್ದರೂ ಗಂಟೆಗೆ ಹತ್ತು ಜಿಬಿ ಏರುತ್ತಿದ್ದರೆ ನಾಲ್ಕು ಗಂಟೆಯಲ್ಲಿ ಸರ್ವರ್ ನಿಲ್ಲುತ್ತದೆ. ಮಟ್ಟವನ್ನು ನೋಡಿದರೆ ಮೊದಲನೆಯದು ಅಪಾಯ, ಏರುವ ವೇಗ ನೋಡಿದರೆ ಎರಡನೆಯದು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಈ ಮುಂಗಣನೆಯನ್ನು ಒಂದು ಸಾಲಿನಲ್ಲಿ ಬರೆಯಲು ಬಿಡುತ್ತದೆ, ಜ್ಯಾಬಿಕ್ಸ್ ಎಂಬ ಇನ್ನೊಂದರಲ್ಲೂ ಆ ಸೌಲಭ್ಯವಿದೆ. ಇದ್ದೂ ಬಳಸದವರೇ ಹೆಚ್ಚು.

ಶಾಖೆಗಳಿರುವ ಕಂಪನಿಗೆ ಇನ್ನೊಂದು ಕಷ್ಟ. ಹುಬ್ಬಳ್ಳಿ ಶಾಖೆಯ ರೌಟರ್ ಬಿದ್ದರೆ ಬೆಂಗಳೂರಿನಲ್ಲಿ ಕೂತವರ ಪರದೆಯ ಮೇಲೆ ಅಲ್ಲಿನ ಪ್ರಿಂಟರ್, ಕ್ಯಾಮೆರಾ, ಸ್ವಿಚ್ ಎಲ್ಲವೂ ಒಟ್ಟಿಗೆ ಕೆಂಪಾಗುತ್ತವೆ, ಫೋನಿಗೆ ಹತ್ತಾರು ಮೆಸೇಜ್ ಬಂದು ಬೀಳುತ್ತವೆ. ಯಾವುದು ಯಾವುದರ ಹಿಂದಿದೆ ಎಂದು ಮೊದಲೇ ತಿಳಿಸಿಟ್ಟರೆ ಹೀಗಾಗುವುದಿಲ್ಲ. 1999ರಲ್ಲಿ ಈಥನ್ ಗಾಲ್‌ಸ್ಟಾಡ್ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದು ಆಮೇಲೆ ನಾಗಿಯೋಸ್ ಆದ ಸಾಫ್ಟ್‌ವೇರ್ ಈ ವಿವೇಕವನ್ನು ಚೆನ್ನಾಗಿ ಕಲಿಸಿತು. ಅದರಲ್ಲಿ ‘ಬಿದ್ದಿದೆ’ ಎನ್ನುವುದೇ ಬೇರೆ, ‘ತಲುಪಲಾಗುತ್ತಿಲ್ಲ’ ಎನ್ನುವುದೇ ಬೇರೆ. ರೌಟರ್ ಬಿದ್ದಿದೆ, ಉಳಿದವು ತಲುಪುತ್ತಿಲ್ಲ. ಹೋಗಬೇಕಾದ ಮೆಸೇಜ್ ಒಂದೇ. ಶಾಖೆಯ ಯುಪಿಎಸ್‌ಗೂ ನೆಟ್‌ವರ್ಕ್ ಕಾರ್ಡ್ ಹಾಕಿಸಿ. ಹೆಸ್ಕಾಂ ಕರೆಂಟ್ ಹೋದದ್ದು, ಬ್ಯಾಟರಿ ಎಷ್ಟು ನಿಮಿಷ ಉಳಿದಿದೆ ಎಂಬುದು, ಆಮೇಲೆ ರೌಟರ್ ಆರಿದ್ದು, ಈ ಮೂರೂ ಸಾಲಾಗಿ ಕಂಡರೆ ಟೆಲಿಕಾಂ ಕಂಪನಿಗೆ ಫೋನ್ ಹಚ್ಚಿ ಅರ್ಧ ದಿನ ಕಳೆಯುವ ಅಗತ್ಯ ಬೀಳುವುದಿಲ್ಲ.

ಎಲ್ಲವನ್ನೂ ನೋಡುವ ಯಂತ್ರವನ್ನು ಯಾರು ನೋಡಬೇಕು? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾಗಿದ್ದವು. ನಿರ್ವಹಣೆಗೆಂದು ಕೊಟ್ಟ ಒಂದು ಆಜ್ಞೆ ಅವರ ಡೇಟಾ ಸೆಂಟರ್‌ಗಳ ನಡುವಿನ ಜಾಲವನ್ನೇ ಕಡಿದುಹಾಕಿತು. ತೊಂದರೆ ಹುಡುಕಿ ಸರಿಪಡಿಸುವ ಒಳಗಿನ ಸಾಧನಗಳೂ ಅದೇ ಜಾಲದ ಮೇಲಿದ್ದುದರಿಂದ ಅವೂ ಕೈಕೊಟ್ಟವು. ಪೀಣ್ಯದ ಸಣ್ಣ ಕಾರ್ಖಾನೆಗೂ ಪಾಠ ಅದೇ. ಆಫೀಸಿನ ಲೈನ್ ಬಿದ್ದಾಗ ಆ ಲೈನಿನ ಮೂಲಕವೇ ಹೋಗಬೇಕಾದ ಇಮೇಲ್ ಅಲರ್ಟ್ ಯಾರಿಗೂ ತಲುಪುವುದಿಲ್ಲ. ಬೇರೆ ಕಂಪನಿಯ ಸಿಮ್ ಹಾಕಿದ ಮೋಡೆಮ್ ಒಂದಿರಲಿ. ಕಚೇರಿಯ ಹೊರಗಿನ ಒಂದು ಪುಟ್ಟ ಸರ್ವರಿನಿಂದ ಮಾನಿಟರಿಂಗ್ ಯಂತ್ರವನ್ನೇ ಪರೀಕ್ಷಿಸುವ ಏರ್ಪಾಟೂ ಇರಲಿ.

ಆ ಯಂತ್ರದ ಕಾವಲೂ ಮುಖ್ಯ. ಇಡೀ ಕಂಪನಿಯ ಸಾಧನಗಳ ಪಾಸ್‌ವರ್ಡ್ ಅದರ ಬಳಿ ಇರುತ್ತದೆ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಆರಿಯನ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲೇ ತಮ್ಮ ಕೋಡ್ ಸೇರಿಸಿದ್ದರು. 18,000ದಷ್ಟು ಗ್ರಾಹಕರಿಗೆ ಅದು ತಲುಪಿರಬಹುದೆಂದು ಆ ಕಂಪನಿಯೇ ತಿಳಿಸಿತು. ಎಸ್‌ಎನ್‌ಎಂಪಿಗೆ ‘ಪಬ್ಲಿಕ್’ ಎಂಬ ಪಾಸ್‌ವರ್ಡ್ ಇಟ್ಟುಕೊಂಡಿರುವ ಸ್ವಿಚ್‌ಗಳು ಇಂದಿಗೂ ಲೆಕ್ಕವಿಲ್ಲದಷ್ಟಿವೆ. ಗುಪ್ತಲಿಪಿಯಿರುವ ಮೂರನೇ ಆವೃತ್ತಿಗೆ ಹೋಗಿ, ಓದುವ ಅನುಮತಿಯನ್ನಷ್ಟೇ ಕೊಡಿ. ಯಾವುದು ಮೊದಲಾಯಿತೆಂದು ಲಾಗ್‌ಗಳಿಂದ ತಿಳಿಯಬೇಕಾದರೆ ಎಲ್ಲ ಸಾಧನಗಳ ಗಡಿಯಾರಗಳೂ ಒಂದೇ ಹೊತ್ತು ತೋರಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಭಾರತದ ಕಂಪನಿಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ತಿಳಿಸಬೇಕು.

ಯಾವ ಸಾಫ್ಟ್‌ವೇರ್ ಎಂದು ಕೇಳುವವರಿಗೆ: ಸ್ವಿಚ್, ಫೈರ್‌ವಾಲ್, ಶಾಖೆಗಳು ಹೆಚ್ಚಿರುವ ಕಂಪನಿಗೆ ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್. ಎರಡೂ ಉಚಿತ, ಆದರೆ ಕಲಿಯುವವರೊಬ್ಬರು ಮನಸ್ಸಿಟ್ಟು ಕೂರಬೇಕು. ಹಾಗೆ ಕೂರುವವರಿಲ್ಲದಿದ್ದರೆ ಚೆನ್ನೈನ ಜೋಹೋದವರ ಆಪ್‌ಮ್ಯಾನೇಜರನ್ನೋ ಜರ್ಮನಿಯ ಪಿಆರ್‌ಟಿಜಿಯನ್ನೋ ಹಣ ಕೊಟ್ಟು ತೆಗೆದುಕೊಳ್ಳುವುದು ಮೇಲು. ಸ್ವಂತ ಸಾಫ್ಟ್‌ವೇರ್ ಬರೆದು ಕ್ಲೌಡ್‌ನಲ್ಲಿ ಓಡಿಸುವವರಿಗೆ ಪ್ರೊಮಿಥಿಯಸ್ ಮತ್ತು ಗ್ರಫಾನಾ. ಒಂದನ್ನು ಮಾತ್ರ ಯಾವ ಸಾಫ್ಟ್‌ವೇರಿನಿಂದಲೂ ಮಾಡಿಸಬೇಡಿ: ನೌಕರರು ಯಾವ ಪುಟ ತೆರೆದರು, ಎಷ್ಟು ಹೊತ್ತು ಕುರ್ಚಿಯಲ್ಲಿದ್ದರು ಎಂದು ಹಿಂಬಾಲಿಸುವ ಕೆಲಸ. ಜಾಲದ ಆರೋಗ್ಯ ನೋಡಲೆಂದು ತಂದ ಸಾಧನ ಹಾಜರಿ ಪುಸ್ತಕವಾದ ದಿನ ಐಟಿ ವಿಭಾಗದ ಮೇಲೆ ಉಳಿದವರಿಗಿದ್ದ ನಂಬಿಕೆ ಮುಗಿಯುತ್ತದೆ. ಆಮೇಲೆ ತೊಂದರೆಯಾದರೂ ಬಂದು ಹೇಳುವವರಿರುವುದಿಲ್ಲ.

ಇದನ್ನು ಓದುತ್ತಿರುವ ನೀವು ಯಾವುದಾದರೂ ಕಂಪನಿಯ ಐಟಿ ನೋಡಿಕೊಳ್ಳುವವರಾದರೆ ಈ ವಾರ ಒಂದು ಕೆಲಸ ಮಾಡಿ. ಮುಖ್ಯ ಸ್ವಿಚ್‌ಗೆ ಲಾಗಿನ್ ಆಗಿ ಪ್ರತಿ ಪೋರ್ಟಿನ ಡಿಸ್ಕ್ರಿಪ್ಷನ್ ತುಂಬಿ. ಗ್ರಾಫಿನ ತಲೆಯ ಮೇಲೆ ಬರಿಯ ಪೋರ್ಟ್ 17 ಎಂದಿದ್ದರೆ ರಾತ್ರಿ ಎದ್ದು ನೋಡುವವರಿಗೆ ಏನೂ ತಿಳಿಯದು. ‘ಹುಬ್ಬಳ್ಳಿ ಲೀಸ್ಡ್ ಲೈನ್’ ಎಂದು ಬರೆದು, ಪಕ್ಕದಲ್ಲೇ ಅದರ ಸರ್ಕಿಟ್ ನಂಬರ್ ಹಾಕಿ. ಗ್ರಾಫ್‌ಗಳೆಲ್ಲ ಆ ಹೆಸರನ್ನು ತಾವಾಗಿಯೇ ತೆಗೆದುಕೊಳ್ಳುತ್ತವೆ. ಅರ್ಧ ದಿನದ ಕೆಲಸ, ಖರ್ಚಿಲ್ಲ.