ಹೂಡೆಯ ರಸ್ತೆಗೆ ಎಂಥ ಚೆಕ್ಕಿಂಗ್ ಬೇಕು?

ಉಡುಪಿಯ ಹೂಡೆ ಕಡೆ ಪೊಲೀಸರು ಚೆಕ್ಕಿಂಗ್‌ಗೆ ನಿಂತರೆಂದರೆ ಎರಡು ಮಾತು ಕಾಯಂ. ಒಂದು, ‘ಇದು ದುಡ್ಡು ವಸೂಲಿ’. ಇನ್ನೊಂದು, ‘ಹಿಡಿಯುವುದಾದರೆ ಹೆದ್ದಾರಿಯಲ್ಲಿ ಹಿಡಿಯಲಿ, ಊರೊಳಗೆ ಯಾಕೆ?’ ಮಲ್ಪೆಯಿಂದ ಕಾಪುವಿನವರೆಗೆ ಯಾವ ಅಂಗಡಿಯ ಜಗಲಿಯಲ್ಲಿ ಕೂತರೂ ಇದೇ ತೀರ್ಪು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಮೇಲೆ ನನ್ನ ತಕರಾರಿದೆ. ಊರೊಳಗೆ ತಪಾಸಣೆ ಹೆಚ್ಚಾಯಿತು ಎಂಬುದು ನಮ್ಮ ಕಷ್ಟವಲ್ಲ. ಜೀವ ಉಳಿಸುವ ತಪಾಸಣೆ ನಡೆಯುತ್ತಿಲ್ಲ ಎಂಬುದೇ ಕಷ್ಟ.

ಮೊದಲು ಹೆದ್ದಾರಿಯ ವಾದ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು ಶೇ. 39 ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಯಲ್ಲೂ ಅಲ್ಲ, ರಾಜ್ಯ ಹೆದ್ದಾರಿಯಲ್ಲೂ ಅಲ್ಲ. ಪೇಟೆ, ಹಳ್ಳಿಗಳ ಉಳಿದ ರಸ್ತೆಗಳಲ್ಲಿ. ಹೂಡೆಯ ರಸ್ತೆ ಆ ಸಾಲಿನದು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸ್ವರ್ಣಾ ನದಿ, ನಡುವಿನ ನೆಲದ ಪಟ್ಟಿಯಲ್ಲಿ ಕೋಡಿಬೇಂಗ್ರೆಯ ಅಳಿವೆಯವರೆಗೆ ಹೋಗುವ ದಾರಿ. ಮೀನಿನ ಟೆಂಪೊ, ಶಾಲೆಯ ಮಕ್ಕಳು, ಬಸ್ಸು, ಶನಿವಾರ–ಭಾನುವಾರ ಬೀಚ್‌ಗೆ ಬರುವ ಕಾರುಗಳು, ಎಲ್ಲಕ್ಕೂ ಅದೊಂದೇ ದಾರಿ. ಮನೆಯ ಗೇಟು ತೆಗೆದರೆ ರಸ್ತೆ. ಸಂತೆಕಟ್ಟೆಯ ಹೆದ್ದಾರಿ ಅಪಾಯಕಾರಿ, ನಿಜ. ಆದರೆ ಅಲ್ಲಿ ಅಪಾಯವಿದೆ ಎಂಬ ಎಚ್ಚರವಾದರೂ ಇರುತ್ತದೆ. ಊರ ರಸ್ತೆಯಲ್ಲಿ ‘ಇಲ್ಲೇ ಅಂಗಡಿಗೆ ಹೋಗಿ ಬರುವುದು’ ಎಂಬ ಸಲುಗೆ ಹೆಲ್ಮೆಟ್ಟನ್ನು ಮನೆಯಲ್ಲೇ ಬಿಡಿಸುತ್ತದೆ. ಅದೇ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ತಲೆ ನೆಲಕ್ಕೆ ಬಡಿಯುವಾಗ ಮನೆ ಎಷ್ಟು ಹತ್ತಿರವಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಪೊಲೀಸರ ರೀತಿ. ಇಲ್ಲಿ ಜನರ ಸಿಟ್ಟು ನ್ಯಾಯವಾದದ್ದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆಂದು ಬೈಕ್ ತಡೆದಾಗ, ಅಪ್ಪ–ಅಮ್ಮನ ಜೊತೆ ಆಸ್ಪತ್ರೆಗೆ ಹೊರಟಿದ್ದ ಪುಟ್ಟ ಮಗು ರಸ್ತೆಗೆ ಬಿದ್ದು ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ವಾಹನ ತಡೆಯಬಾರದು, ದಿಢೀರನೆ ಅಡ್ಡ ಬರಬಾರದು, ಕೀ ಕಸಿಯಬಾರದು ಎಂದು ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಸೂಚನೆ ಕೊಟ್ಟರು. ತಿರುವಿನ ಮರೆಯಲ್ಲಿ ನಿಂತು ಓಡುವ ಬೈಕಿಗೆ ಕೈ ಹಾಕುವುದು ಕಾನೂನು ಪಾಲನೆಯಲ್ಲ, ಅಪಘಾತಕ್ಕೆ ಆಹ್ವಾನ. ಇದರಲ್ಲಿ ರಾಜಿಯ ಮಾತೇ ಇಲ್ಲ.

ಆದರೆ ಇಂಥ ಸೂಚನೆಗಳನ್ನು ನಾವು ಓದಿಕೊಂಡ ಬಗೆ ಸರಿಯಿಲ್ಲ. ಬರೀ ದಾಖಲೆ ನೋಡಲು ವಾಹನ ನಿಲ್ಲಿಸಬಾರದೆಂದು 2022ರಲ್ಲೇ ಆಗಿನ ಮಹಾನಿರ್ದೇಶಕ ಪ್ರವೀಣ್ ಸೂದ್ ಹೇಳಿದ್ದರು. ಅದರಲ್ಲೇ ಒಂದು ವಿನಾಯಿತಿಯೂ ಇತ್ತು: ಕುಡಿದು ಓಡಿಸುವುದರ ತಪಾಸಣೆ. ಆದೇಶ ನಮ್ಮ ನೆನಪಿನಲ್ಲಿ ಉಳಿಯಿತು, ವಿನಾಯಿತಿ ಜಾರಿಹೋಯಿತು. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿದ ಮದ್ಯ ದೂರದಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರ್‌ನಿಂದ ಅನುಮಾನವಿರಲಿ, ಇಲ್ಲದಿರಲಿ, ಚಾಲಕರನ್ನು ತಡೆದು ಉಸಿರಿನ ಪರೀಕ್ಷೆ ಮಾಡತೊಡಗಿದರು. ಕುಡಿತದಿಂದಾಗುವ ಸಾವು ಗಣನೀಯವಾಗಿ ಇಳಿಯಿತು. ಅಲ್ಲಿ ಕೆಲಸ ಮಾಡಿದ್ದು ದಂಡದ ಗಾತ್ರಕ್ಕಿಂತ ಹೆಚ್ಚಾಗಿ, ಯಾವ ಹೊತ್ತಿಗೂ ಯಾರನ್ನೂ ನಿಲ್ಲಿಸಬಹುದು ಎಂಬ ಖಾತ್ರಿ. ನಮ್ಮಲ್ಲಿ ಹಗಲು ಹೊತ್ತು, ಗೊತ್ತಿರುವ ಜಾಗದಲ್ಲಿ ಹೆಲ್ಮೆಟ್ ಕೇಸು ಹಾಕುತ್ತಾರೆ. ಬೀಚಿನಿಂದ ಕಾರುಗಳು ಮರಳುವ ರಾತ್ರಿಯಲ್ಲಿ ರಸ್ತೆಯಲ್ಲಿ ಪೊಲೀಸರೇ ಇಲ್ಲ. ನನ್ನ ಆಕ್ಷೇಪ ಇದಕ್ಕೆ.

ವಸೂಲಿಯ ಆರೋಪಕ್ಕೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೆಲ್ಮೆಟ್ ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ಅದು ಜಾರಿಗೆ ಬಂದ ತಿಂಗಳಲ್ಲೇ ಕರ್ನಾಟಕ ಸರಕಾರ ಐನೂರಕ್ಕೆ ಇಳಿಸಿತು. ಬಾಕಿ ದಂಡಕ್ಕೆ 2023ರಲ್ಲಿ ಅರ್ಧದಷ್ಟು ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ರಿಯಾಯಿತಿಗೆ ಕಾದರೆ ಲಾಭ ಎಂಬ ಪಾಠವನ್ನು ಸವಾರನಿಗೆ ಕಲಿಸಿದ್ದು ಸರಕಾರವೇ. ಎಷ್ಟು ಕೇಸು, ಎಷ್ಟು ರೂಪಾಯಿ ಎಂದು ಇಲಾಖೆ ತನ್ನ ಸಾಧನೆ ಹೇಳಿಕೊಳ್ಳುವವರೆಗೆ ಜನರ ಗುಮಾನಿಗೆ ಉತ್ತರವಿಲ್ಲ. ಆದರೆ ಗುಮಾನಿಯ ಮರೆಯಲ್ಲಿ ನಾವು ಮಾಡುವುದೇನು? ಎದುರು ಬರುವವನಿಗೆ ಲೈಟ್ ಮಿಣುಕಿಸುತ್ತೇವೆ, ವಾಟ್ಸಾಪ್ ಗುಂಪಿಗೆ ‘ಚೆಕ್ಕಿಂಗ್ ಉಂಟು’ ಎಂದು ಹಾಕುತ್ತೇವೆ. ಇದನ್ನು ಊರವರ ಒಗ್ಗಟ್ಟು ಎನ್ನುತ್ತೇವೆ. ಆ ಸಂದೇಶ ಹೆಲ್ಮೆಟ್ ಮರೆತ ಅಣ್ಣನಿಗೆ ತಲುಪುವಂತೆ ಕುಡಿದವನಿಗೂ, ಲೈಸೆನ್ಸಿಲ್ಲದ ಹದಿನೈದರ ಹುಡುಗನಿಗೂ ತಲುಪುತ್ತದೆ. ಹುಡುಗ ಅಪ್ರಾಪ್ತನಾದರೆ 199ಎ ಕಲಂ ಪ್ರಕಾರ ಹೊಣೆ ಪೋಷಕರದು ಅಥವಾ ವಾಹನದ ಮಾಲೀಕರದು: 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಈ ಊರುಗಳ ಎಷ್ಟೋ ಮನೆಗಳವರು ಗಲ್ಫ್‌ನಲ್ಲಿ ದುಡಿಯುತ್ತಾರೆ. ಅಲ್ಲಿ ಕ್ಯಾಮೆರಾ ಇರುವ ರಸ್ತೆಯಲ್ಲಿ ವೇಗದ ಮಿತಿಗೆ ತಲೆಬಾಗುವವರು ಇಲ್ಲಿ ಬಂದೊಡನೆ ಸಡಿಲಾಗುವುದು ಸ್ವಭಾವದಿಂದಲ್ಲ. ಅಲ್ಲಿ ಕಾನೂನು ಮುಖ ನೋಡುವುದಿಲ್ಲ ಎಂಬ ನಂಬಿಕೆಯಿದೆ, ಇಲ್ಲಿ ಅದಿಲ್ಲ.

ಆ ನಂಬಿಕೆ ಹುಟ್ಟಬೇಕಾದರೆ ಕಾನೂನು ರಸ್ತೆ ಮಾಡಿದವರನ್ನೂ ಕೇಳಬೇಕು. 2019ರಲ್ಲೇ ಸೇರಿದ 198ಎ ಕಲಂ ಇದೆ: ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಲ್ಮೆಟ್‌ನ ಕಲಂ ಎಲ್ಲರ ಬಾಯಲ್ಲಿದೆ, ಇದರ ಹೆಸರು ಎತ್ತುವವರು ಅಪರೂಪ. ಸಂತೆಕಟ್ಟೆಯ ಅಂಡರ್‌ಪಾಸ್ ಕಾಮಗಾರಿ ವರ್ಷಗಟ್ಟಲೆ ಎಳೆದಾಗ ಊರವರು ಪಟ್ಟ ಪಾಡನ್ನು ನೆನೆದರೆ, ಸವಾರನನ್ನಷ್ಟೇ ನಿಲ್ಲಿಸುವ ಕಾನೂನು ಅರ್ಧ ಕಾನೂನು ಎಂದೇ ಹೇಳಬೇಕು.

ಆದ್ದರಿಂದ ‘ಚೆಕ್ಕಿಂಗ್ ಬೇಡ’ ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಅದು ತೀರಾ ಸಣ್ಣ ಬೇಡಿಕೆ. ಹೂಡೆ ಸೇರಿರುವ ಪಡುತೋನ್ಸೆಯ ಗ್ರಾಮಸಭೆ ಕೇಳಬೇಕಾದದ್ದು ಇಷ್ಟು: ನೇರ ದಾರಿಯಲ್ಲಿ, ದೂರದಿಂದಲೇ ಕಾಣುವಂತೆ, ದೀಪವಿಟ್ಟು ನಿಲ್ಲಿ, ರಾತ್ರಿಯೂ ಬನ್ನಿ, ಸ್ಥಳೀಯ, ಪರಊರಿನವ ಎಂಬ ಭೇದವಿಲ್ಲದೆ ಉಸಿರು ಪರೀಕ್ಷಿಸಿ, ಶಾಲೆಯ ಹತ್ತಿರ ವೇಗ ಅಳೆಯಿರಿ, ವರ್ಷಕ್ಕೊಮ್ಮೆ ಸಂಗ್ರಹವಾದ ದಂಡದ ಬದಲು ಈ ರಸ್ತೆಯಲ್ಲಿ ಗಾಯಗೊಂಡವರ, ಸತ್ತವರ ಲೆಕ್ಕ ನಮ್ಮ ಮುಂದಿಡಿ. ಇಷ್ಟನ್ನು ಕೇಳುವ ಊರಿಗೆ ಒಂದು ಷರತ್ತೂ ಇದೆ: ತನ್ನವನೇ ಸಿಕ್ಕಿಬಿದ್ದಾಗ ಠಾಣೆಗೆ ಫೋನ್ ಮಾಡಿ ಬಿಡಿಸಿಕೊಳ್ಳಬಾರದು.